ಊಟದ ಮೇಜಿನ ಮೇಲೆ ನನ್ನ ಪಾದಪೂಜೆ

ಬಂಧುಗಳೇ, ಇವತ್ತು ನನ್ನ ಅವತಾರ ನೋಡಿದ್ದರೆ ನೀವೆಲ್ಲ ನಕ್ಕುಬಿಡುತ್ತಿದ್ದಿರಿ. ಭೀಮನ ಅಮಾವಾಸ್ಯೆ ನೋಡಿ, ನಿಮ್ಮ ಶಾರದಕ್ಕ ಬೆಳಿಗ್ಗೆಯೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ನನ್ನ ಪಾದಪೂಜೆಗೆ ಸಿದ್ಧಳಾದಳು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಮೂಗಿನ ಮೂಲಕ ತೆಗೆಸಿಕೊಂಡು ಮೊನ್ನೆಯಷ್ಟೇ ಚಾಮರಾಜಪೇಟೆಯ ಮನೆಗೆ ಬಂದವಳು. ತಲೆ ಬಗ್ಗಿಸುವಂತೆಯೇ ಇಲ್ಲ.

ಅವಳನ್ನು ನೋಡಿಕೊಳ್ಳಲು ಬರುವ ನರ್ಸ್ ಜಯಂತಿ ಓಡಿಬಂದು ತಡೆದಳು. “ಅಮ್ಮಾ, ಬಗ್ಗಬೇಡಿ! ಮಿದುಳಿನ ನೀರು ಮೂಗಲ್ಲಿ ಸೋರಿದ್ರೆ ಮತ್ತೆ ಆಸ್ಪತ್ರೆಗೇ ಹೋಗ್ಬೇಕಾಗತ್ತೆ.”

“ಮದುವೆ ಆದಾಗಿಂದ ಒಂದು ವರ್ಷಾನೂ ತಪ್ಪಿಸಿಲ್ಲ ಕಣಮ್ಮ. ಇವರ ಆಯಸ್ಸಿನ ವಿಷಯ!”

“ನನ್ನ ಆಯಸ್ಸು ಹಾಗಿರ್ಲಿ, ನಿನ್ನ ಮೂಗು ನೋಡ್ಕೊಳ್ಳೇ,” ಎಂದೆ. ಶಾರದೆಯ ಕಣ್ಣು ತುಂಬಿತು.

ಜಯಂತಿ ಗಾಬರಿಯಾದಳು. “ಅಳಬೇಡಿ ಅಮ್ಮಾ! ಅತ್ರೆ ಮೂಗು ಸೀಟಬೇಕು ಅನ್ಸತ್ತೆ, ಅದೂ ಮಾಡೋ ಹಾಗಿಲ್ಲ.”

ಇನ್ನೇನು ಮಾಡಲಿ? ಕುರ್ಚಿ ಹತ್ತಿ, ಊಟದ ಮೇಜಿನ ಮೇಲೆ ಕೂತು ಕಾಲು ಚಾಚಿದೆ. ಶಾರದೆ ನೆಟ್ಟಗೆ ನಿಂತೇ ಪಾದಕ್ಕೆ ಅರಿಶಿನ ಕುಂಕುಮ ಹಚ್ಚಿ, ಗಾಂಧಿ ಬಜಾರಿನ ಸೇವಂತಿಗೆ ಇಟ್ಟು ಕೈಮುಗಿದಳು. ಜಯಂತಿ ಮೂಗನ್ನು ನೋಡಿ, “ಒಂದು ತೊಟ್ಟೂ ಸೋರಿಲ್ಲ,” ಎಂದಳು. ನನಗೆ ಹೋದ ಜೀವ ಬಂತು.

ಆಶೀರ್ವಾದಕ್ಕೆಂದು ಕೈ ಎತ್ತಿದ್ದೆನಷ್ಟೇ. “ಸಾಕು, ಇಳೀರಿ. ಊಟ ಮಾಡೋ ಜಾಗ ಅದು, ಚೆನ್ನಾಗಿ ಒರೆಸಿ,” ಎಂದಳು ಶಾರದೆ.

ಅರ್ಧ ಗಳಿಗೆ ದೇವರಾಗಿದ್ದವನು ಈಗ ಒದ್ದೆ ಬಟ್ಟೆ ಹಿಡಿದಿದ್ದೇನೆ. ಬಗ್ಗಬಾರದೆಂದು ನನಗೆ ಯಾವ ಡಾಕ್ಟರೂ ಹೇಳಿಲ್ಲವಲ್ಲ!