ಒಬ್ಬರಿಗೊಬ್ಬರು ಹೊಣೆಯಲ್ಲ

ವಾಲ್‌ಪೇಪರ್ ಕಾರ್ಖಾನೆ ಬಾಗಿಲು ಹಾಕಿದಾಗ ಡೀಟ್ಮಾರ್ ಕುಚಿನ್ಸ್ಕಿಗೆ ಐವತ್ತೇಳು ವರ್ಷ. ಮೂವತ್ತೊಂದು ವರ್ಷ ಸಂಬಳದಲ್ಲಿ ವಿಮೆಗೆಂದು ಹಿಡಿದುಕೊಂಡಿದ್ದರಿಂದ ಮೊದಲ ಹದಿನೆಂಟು ತಿಂಗಳು ನಿರುದ್ಯೋಗ ಭತ್ಯೆ ತಾನಾಗಿಯೇ ಬಂತು. ಮನೆಯಲ್ಲಿ ಯಾರಿದ್ದಾರೆ, ಯಾರು ದುಡಿಯುತ್ತಾರೆ ಎಂದು ಆಗ ಯಾರೂ ಕೇಳಲಿಲ್ಲ. ಹತ್ತೊಂಬತ್ತನೆಯ ತಿಂಗಳಿಂದ ಕಥೆ ಬೇರೆ. ವಿಮೆ ಮುಗಿಯಿತು, ಇನ್ನು ಸರಕಾರ ಕೊಡುವುದು ಏನೂ ಇಲ್ಲದವರಿಗೆ ಮಾತ್ರ. ಜೊತೆಗೆ ಬಾಳುವವರು ದುಡಿಯುತ್ತಿದ್ದರೆ ನೀವು ಏನೂ ಇಲ್ಲದವರಲ್ಲ.

ಕುಚಿನ್ಸ್ಕಿಯ ಮನೆಯ ಹಿಂದಿನ ಕೋಣೆಯಲ್ಲಿ ರೋಸ್ವಿಟಾ ಇದ್ದಳು, ಅವನ ಬಾಯಲ್ಲಿ ರೋಸಿ. ವೃದ್ಧಾಶ್ರಮದಲ್ಲಿ ಕೆಲಸ, ಗಂಡನಿಂದ ಬಿಡುಗಡೆಯಾಗಿ ಆರು ವರ್ಷದ ಹಿಂದೆ ಬಾಡಿಗೆಗೆ ಬಂದವಳು. ಅವನಿಗೂ ಅಷ್ಟರಲ್ಲಿ ವಿಚ್ಛೇದನವಾಗಿತ್ತು. ಅವಳ ಕೋಣೆ ಅವಳದು, ಅವನ ಕೋಣೆ ಅವನದು, ಅದರಲ್ಲಿ ಸುಳ್ಳಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಅಡುಗೆಮನೆಯಲ್ಲಿ ಕಾಫಿ, ಪ್ಲಮ್ ಹಣ್ಣಿನ ಕೇಕು, ಇಬ್ಬರೂ ಎದುರುಬದುರು. ತಿಂಗಳಿಗೊಮ್ಮೆ ಅವನ ಕುತ್ತಿಗೆಗೆ ಟವೆಲ್ ಸುತ್ತಿ ಕೂದಲು ಕತ್ತರಿಸುವವಳೂ ಅವಳೇ. ಇದಕ್ಕೆ ಹೆಸರೇನು ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಈಗ ಭತ್ಯೆ ಕೊಡುವ ಕಚೇರಿ ಕೇಳಿತು. ಒಂದೇ ಸೂರಿನಡಿ ಒಂದು ವರ್ಷ ದಾಟಿದವರನ್ನು ಜೋಡಿ ಎಂದೇ ತಿಳಿಯಲಾಗುವುದು. ಅಲ್ಲವಾದರೆ ಅಲ್ಲವೆಂದು ತೋರಿಸುವ ಭಾರ ಅರ್ಜಿದಾರರದು.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಸಾಲು ಬರೆದು ಕಳಿಸುತ್ತಿದ್ದರು. ಆದರೆ ಕುಚಿನ್ಸ್ಕಿ ರೈಲು ಹಳಿಯ ಪಕ್ಕ ಊರವರು ಬಾಡಿಗೆಗೆ ಹಿಡಿದ ತುಂಡುತೋಟಗಳ ಸಂಘಕ್ಕೆ ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿ. ಯಾರದಾದರೂ ಬೇಲಿ ಒಂದೂಕಾಲು ಮೀಟರಿಗಿಂತ ಒಂದು ಬೆರಳು ಎತ್ತರಕ್ಕೆ ಬೆಳೆದರೆ ಟೇಪು ಹಿಡಿದು ಹೋಗಿ ಅಳೆದು ನೋಟಿಸು ಜಾರಿ ಮಾಡುವವನು. ನೋಟಿಸಿನ ಒಂದು ಪ್ರತಿ ಕಡತಕ್ಕೆ, ಇನ್ನೊಂದು ಕಾರ್ಯದರ್ಶಿಗೆ. ಕಡತವೂ ಕಾರ್ಯದರ್ಶಿಯೂ ಇದ್ದದ್ದು ಒಂದೇ ಮನೆಯಲ್ಲಿ.

ಸಂಘದ ಅಧ್ಯಕ್ಷ ಮನ್ನಿ ಬಿಯರ್ ಬಾಟಲಿ ತೆರೆಯುತ್ತ ಹೇಳಿದ್ದ: "ನಿಂಗೆ ಹೆಂಡ್ತಿ ಇಲ್ಲ ಅನ್ನೋದಕ್ಕೆ ಸಾಕ್ಷಿ ಬೇರೆ ಬೇಕಾ? ಗುಂಡಿ ಕಿತ್ತುಹೋದ ಆ ಅಂಗಿ ಹಾಕ್ಕೊಂಡೇ ಕಚೇರಿಗೆ ಹೋಗು ಮಾರಾಯ. ನೋಡಿದ ಕೂಡ್ಲೇ ದುಡ್ಡು ಕೊಟ್ಟು ಕಳಿಸ್ತಾರೆ."

"ಇದು ಕಾನೂನಿನ ವಿಷಯ, ಮನ್ನಿ," ಎಂದ ಕುಚಿನ್ಸ್ಕಿ ಗಂಭೀರವಾಗಿ. "ನಿಂಗೆ ಅರ್ಥ ಆಗಲ್ಲ."

ಅವನಿಗೆ ಭತ್ಯೆ ಬೇಕಿತ್ತು. ಮೂವತ್ತೊಂದು ವರ್ಷ ದುಡಿದವನು ಹೆಂಗಸಿನ ಮುಂದೆ ಕೈಚಾಚುವುದೇ ಎಂಬ ಬಿಗುಮಾನ ಒಂದು ಕಡೆ. ಇನ್ನೊಂದು ಕಡೆ ರೋಸಿಯೂ ಬೇಕಿತ್ತು. ಎರಡನ್ನೂ ಒಂದೇ ಕಾಗದದಲ್ಲಿ ಕೇಳುವ ಹಾಗಿರಲಿಲ್ಲ. ಮೊದಲು ಕಾಗದ ಮುಗಿಯಲಿ, ರೋಸಿ ಎಲ್ಲಿ ಹೋಗುತ್ತಾಳೆ ಎಂದುಕೊಂಡ.

ಮೂರು ದಿನ ಕೂತು ಹನ್ನೊಂದು ಅಂಶಗಳ ಹೇಳಿಕೆ ಸಿದ್ಧಪಡಿಸಿದ. ಅಂಶ ನಾಲ್ಕಕ್ಕೆ ಅ, ಆ, ಇ ಎಂಬ ಉಪ ಅಂಶಗಳೂ ಇದ್ದವು. ಬ್ಯಾಂಕ್ ಖಾತೆ ಬೇರೆ, ಅಡುಗೆ ಬೇರೆ, ರಜೆಯ ಪ್ರವಾಸ ಒಮ್ಮೆ ಮಾತ್ರ, ಅದೂ ಎರಡು ಕೋಣೆ. ಹೇಳಿಕೆಗೆ ಮನೆ ಹೊಂದಬೇಡವೇ? ಅಕ್ಷರ ಕೊರೆದ ಅಚ್ಚುಪಟ್ಟಿ ಇಟ್ಟು ಹೆಸರು ಬರೆದು ಫ್ರಿಜ್ಜಿನ ಪ್ರತಿ ಖಾನೆಗೂ ಚೀಟಿ ಅಂಟಿಸಿದ. ಬೆಣ್ಣೆ ಎರಡಾಯಿತು, ಸಾಸಿವೆ ಎರಡಾಯಿತು. ಸೌತೆ ಉಪ್ಪಿನಕಾಯಿಯ ಬಾಟಲಿ ಒಂದೇ ಇತ್ತು. ಅರ್ಧ ತೆಗೆದು ಜಾಮಿನ ಬಾಟಲಿಗೆ ಸುರಿದ. ಬಟ್ಟೆ ಒಗೆಯುವ ಪುಡಿಗೂ ಹೆಸರು ಬಿತ್ತು. ಸಮುದ್ರತೀರದಲ್ಲಿ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಇಬ್ಬರೂ ನಿಂತಿದ್ದ ಫೋಟೋ ನಡುಮನೆಯ ಗೋಡೆಯಿಂದ ಇಳಿದು ಕಪಾಟು ಸೇರಿತು.

ಸಂಜೆ ಕೆಲಸ ಮುಗಿಸಿ ಬಂದ ರೋಸ್ವಿಟಾ ಹಾಲಿಗೆಂದು ಫ್ರಿಜ್ಜಿನ ಬಾಗಿಲು ತೆರೆದವಳು ಹಾಗೇ ನಿಂತಳು.

"ಇದೇನಿದು, ಅಂಗಡಿ ಇಟ್ಯಾ?"

"ತಪಾಸಣೆಗೆ ಬಂದರೂ ಬರಬಹುದು. ಇಲ್ಲೊಂದು ಸಹಿ ಬೇಕಿತ್ತು ರೋಸಿ. ಸಹ ನಿವಾಸಿ ಅಂತ ಇದೆಯಲ್ಲ, ಅದರ ಕೆಳಗೆ."

ಅವಳು ಕೋಟು ಬಿಚ್ಚದೆ ಕೂತು ಕನ್ನಡಕ ಹಾಕಿಕೊಂಡು ಹನ್ನೊಂದೂ ಅಂಶ ಓದಿದಳು. ಒಂಬತ್ತನೆಯದರ ಮೇಲೆ ಬೆರಳಿಟ್ಟಳು. ಕಾಯಿಲೆ, ಕಷ್ಟಗಳಲ್ಲಿ ಒಬ್ಬರಿಗೊಬ್ಬರು ಹೊಣೆಯಲ್ಲ, ಹಿಂದೆಯೂ ಆಗಿರಲಿಲ್ಲ.

"ನಿನ್ನ ಪಿತ್ತಕೋಶ ತೆಗೆದಾಗ ಒಂಬತ್ತು ದಿನ ಆಸ್ಪತ್ರೆಗೆ ಬಂದೆನಲ್ಲ. ಒಗೆದ ಚಡ್ಡಿ ತಗೊಂಡು. ಅದನ್ನ ಎಲ್ಲಿ ಬರೆದಿದೀಯ?"

"ಅದನ್ನ ಬರೆದ್ರೆ ಅರ್ಜಿ ಕೆಟ್ಟುಹೋಗುತ್ತೆ, ರೋಸಿ."

"ಹಾಗಾದ್ರೆ ಬರೀಬೇಡ."

ಸಹಿ ಹಾಕಿದಳು. ಅವಳು ಪೆನ್ನು ಕೆಳಗಿಟ್ಟು ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದು ಕುಚಿನ್ಸ್ಕಿಗೆ ಅನಿಸಿತು. ಆದರೆ ಸಹಿ ಸ್ಫುಟವಾಗಿ ಬಿದ್ದಿತ್ತು, ತಾರೀಖೂ ಸರಿಯಿತ್ತು. ಕಾರ್ಯದರ್ಶಿಗೆ ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ.

ಎರಡು ವಾರದ ಮೇಲೆ ಕಚೇರಿಯಿಂದ ಇಬ್ಬರು ಬಂದರು. ರೋಸ್ವಿಟಾ ಕೆಲಸಕ್ಕೆ ಹೋಗಿದ್ದಳು. ಒಳಗೆ ಬರಬಹುದೇ ಎಂದು ಅವರು ಸಂಕೋಚದಿಂದ ಕೇಳುವ ಮೊದಲೇ ಕುಚಿನ್ಸ್ಕಿ ಎದೆಯುಬ್ಬಿಸಿ ದಾರಿ ತೋರಿಸುತ್ತಿದ್ದ. ಬಚ್ಚಲಲ್ಲಿ ಹಲ್ಲುಜ್ಜುವ ಬ್ರಷ್ಷುಗಳ ನಡುವಿನ ದೂರವನ್ನು ಕೈಯಾರೆ ತೋರಿಸಿದ. ಹಿರಿಯ ಹೆಂಗಸು, ಲೆನ್ನಾರ್ಟ್ಸ್ ಎಂದು ಅವಳ ಹೆಸರು, ಫ್ರಿಜ್ಜಿನೊಳಗೆ ಬಗ್ಗಿ ಜಾಮಿನ ಬಾಟಲಿಯಲ್ಲಿ ತೇಲುತ್ತಿದ್ದ ಸೌತೆಕಾಯಿಗಳನ್ನು ನೋಡಿದಳು.

"ಕುಚಿನ್ಸ್ಕಿಯವರೇ, ನಾನು ಎಷ್ಟೋ ಮನೆ ನೋಡಿದೀನಿ. ಕೋರ್ಟಿಗೆ ಹೋದ ಗಂಡಹೆಂಡ್ತೀನೂ ಉಪ್ಪಿನಕಾಯೀನ ಹೀಗೆ ಪಾಲು ಮಾಡಿಕೊಂಡಿದ್ದನ್ನ ನೋಡಿಲ್ಲ."

ಇದನ್ನವನು ಪ್ರಶಂಸೆ ಎಂದು ತಿಳಿದು ಥ್ಯಾಂಕ್ಸ್ ಹೇಳಿದ.

ಭತ್ಯೆ ಮಂಜೂರಾಯಿತು. ಒಬ್ಬರೇ ಇರುವ ಸಂಸಾರ ಎಂದು ಆದೇಶದಲ್ಲಿ ಅಚ್ಚಾಗಿತ್ತು. ಆ ವಾರದ ಭಾನುವಾರ ಅವನೇ ಬೇಕರಿಗೆ ಹೋಗಿ ಕೇಕು ತಂದು ಮೂರು ಗಂಟೆಗೆ ಎರಡು ತಟ್ಟೆ ಇಟ್ಟ. ರೋಸ್ವಿಟಾ ಬಂದಳು, ಫ್ರಿಜ್ಜಿನ ತನ್ನ ಖಾನೆಯಿಂದ ಮೊಸರಿನ ಡಬ್ಬ ತೆಗೆದುಕೊಂಡಳು, ತನ್ನ ಕೋಣೆಯತ್ತ ತಿರುಗಿದಳು.

"ಈಗ ಆಯ್ತಲ್ಲ, ರೋಸಿ. ಚೀಟಿ ಕಿತ್ತುಹಾಕೋಣ."

"ಬೇಡಪ್ಪ. ಯಾವಾಗ ಮತ್ತೆ ಬಂದು ನೋಡ್ತಾರೋ. ನಾನು ಸಹಿ ಹಾಕಿದೀನಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅದು ಇಳಿಯುವುದನ್ನು ಕಾಯಬಹುದಿತ್ತು. ಅಂದಿನಿಂದ ಅವಳು ಹನ್ನೊಂದು ಅಂಶಗಳನ್ನು ಅಕ್ಷರಶಃ ಪಾಲಿಸಿದಳು. ಸಿಕ್ಕಾಗ ಗುಡ್ ಮಾರ್ನಿಂಗ್ ಹೇಳುತ್ತಿದ್ದಳು, ಮೆಟ್ಟಿಲು ಒರೆಸುವ ತನ್ನ ಸರದಿ ಬಂದಾಗ ಒರೆಸುತ್ತಿದ್ದಳು. ಕುಚಿನ್ಸ್ಕಿಯ ಕೂದಲು ಕಾಲರಿನ ಮೇಲೆ ಇಳಿಯಿತು. ಸಂಘದ ಸಭೆಯಲ್ಲಿ ಮನ್ನಿ, "ಇದಕ್ಕೂ ಒಂದೂಕಾಲು ಮೀಟರ್ ಮಿತಿ ಇದೆಯೇನೋ?" ಎಂದಾಗ ಎಲ್ಲರೂ ನಕ್ಕರು. ಕುಚಿನ್ಸ್ಕಿ ಅದನ್ನು ನಡಾವಳಿಯಲ್ಲಿ ದಾಖಲಿಸಲಿಲ್ಲ.

ಒಂದು ಬೆಳಿಗ್ಗೆ ರೋಸ್ವಿಟಾ ಕೆಲಸಕ್ಕೆ ಹೊರಡುತ್ತ ಬಾಗಿಲ ಬಳಿ ನಿಂತು ಹೇಳಿದಳು: "ಆಶ್ರಮದ ಹಿಂದೇನೇ ಒಂದು ಕೋಣೆ ಖಾಲಿ ಇದೆಯಂತೆ. ಮುಂದಿನ ಒಂದನೇ ತಾರೀಖು ಹೋಗ್ತಿದೀನಿ."

ಅವನು ಮನೆಯೊಳಗಿನ ಚಪ್ಪಲಿ ಕಾಲಲ್ಲೇ ಮೆಟ್ಟಿಲತನಕ ಬಂದ. "ಅರ್ಜಿ ವಾಪಸ್ ತಗೋತೀನಿ, ರೋಸಿ. ನಾವು ಜೋಡಿ ಅಂತ ಬರೆದುಕೊಡ್ತೀನಿ."

"ಬರೆದುಕೊಟ್ಟು? ನನ್ನ ಸಂಬಳದಲ್ಲಿ ಇರ್ತೀಯಾ?"

ಹೂಂ ಎನ್ನಬೇಕಿತ್ತು. ಆದರೆ ಮೂವತ್ತೊಂದು ವರ್ಷದ ದುಡಿಮೆ ಅಡ್ಡ ಬಂತು.

"ಹಿಡಿದು ಖರ್ಚು ಮಾಡಿದ್ರೆ ಇಬ್ಬರಿಗೂ ಸಾಲ್ತಿತ್ತು ಕಣೋ," ಎಂದಳು ಅವಳು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ನೀನು ಕೇಳಿದ್ರೆ ಆಗ್ತಿತ್ತು. ನೀನು ಕೇಳಿದ್ದು ಸಹಿ."

ಅವಳು ಹೋದ ಮೇಲೆ ನಿಯಮದ ಪ್ರಕಾರ ಕಚೇರಿಗೆ ತಿಳಿಸಬೇಕಿತ್ತು. ಮನೆಯವರ ಸಂಖ್ಯೆಯಲ್ಲಿ ಬದಲಾವಣೆ ಎಂಬ ನಮೂನೆಯನ್ನು ಕುಚಿನ್ಸ್ಕಿ ಅಂದವಾಗಿ ತುಂಬಿದ. ಕಾರಣ ಎಂಬಲ್ಲಿ ಎರಡು ಸಾಲಿನ ಜಾಗ. ಊಟದ ಹೊತ್ತು ಮೀರುವವರೆಗೆ ಕೂತು, ಕೊನೆಗೆ ಕಚೇರಿಗೆ ಫೋನು ಮಾಡಿದ. ಯಾರೋ ಹುಡುಗಿ ಎತ್ತಿದಳು.

"ಕಾರಣಾನಾ? ಖಾಲಿ ಬಿಟ್ಟರೂ ನಡೆಯುತ್ತೆ ಸಾರ್. ಅದನ್ನ ಯಾರೂ ಓದಲ್ಲ."

"ಸರಿ. ಮತ್ತೆ, ಈ ಎರಡನೇ ಲಗತ್ತು ಇದೆಯಲ್ಲ, ಅದನ್ನ..."

"ನಿಮಗೆ ಬೇಕಾಗಿಲ್ಲ."

"ಮೂರನೇ ಲಗತ್ತು?"

"ಅದೂ ಬೇಕಾಗಿಲ್ಲ ಸಾರ್. ಒಬ್ಬರೇ ಇರೋರಿಗೆ ಏನೂ ಬೇಕಾಗಲ್ಲ. ಬೇರೇನಾದ್ರೂ ಕೇಳೋದಿತ್ತಾ?"

ಕುಚಿನ್ಸ್ಕಿ ನಮೂನೆಯ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದ. ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಆದರೂ, "ಒಂದು ನಿಮಿಷ ಇರಿ," ಎಂದು ಹಾಳೆ ತಿರುಗಿಸಿ ಹಿಂಬದಿಯನ್ನು ಓದತೊಡಗಿದ.