ಪ್ರಾಧ್ಯಾಪಕರು ಕೂತ ಹಲಗೆ

ಅರವತ್ತರ ದಶಕದ ಆರಂಭದಲ್ಲಿ ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ದುಡಿಯುತ್ತ, ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆಗಿದ್ದೆ. ನನ್ನ ಕೋಣೆಯ ಗೆಳೆಯ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪಾಲಿಮರ್ ವಿಷಯದಲ್ಲೇ ಪಿಎಚ್.ಡಿ. ಮಾಡುವೆನೆಂದು ಹಟ ಹಿಡಿದಿದ್ದ. ಊರಲ್ಲಿ ಅದನ್ನು ಬಲ್ಲ ಪ್ರಾಧ್ಯಾಪಕರು ಒಬ್ಬರೇ. ಆ ವರ್ಷ ಅವರು ಒಬ್ಬ ವಿದ್ಯಾರ್ಥಿಯನ್ನಷ್ಟೇ ತೆಗೆದುಕೊಳ್ಳುವವರಿದ್ದರು. ಅದು ತಪ್ಪಿದರೆ ಗೆಳೆಯ ಬ್ಯಾಡಗಿಗೆ ಹೋಗಿ ಅಪ್ಪನ ಮೆಣಸಿನಕಾಯಿ ಅಂಗಡಿಯಲ್ಲಿ ಕೂರಬೇಕು. ಮೆಣಸಿನಕಾಯಿಯ ಹೆಸರು ಹೇಳಿದರೂ ಅವನಿಗೆ ಸೀನು ಬರುತ್ತಿತ್ತು.

ಪಾಲಿಮರ್ ಎಂದರೇನೆಂದು ಮನೆಯೊಡತಿ ಅಜ್ಜಿ ಕೇಳಿದಾಗ, ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಆಗಷ್ಟೇ ಬಂದಿದ್ದ ಪ್ಲಾಸ್ಟಿಕ್ ಬಕೆಟ್ಟಿನ ಉದಾಹರಣೆ ಕೊಟ್ಟ.

“ಬಕೀಟ ಬೇಕಂದ್ರ ಹುಬ್ಬಳ್ಳಿಗೆ ಹೋಗಿ ತಗೊಂಡ ಬಾರಲೇ ತಮ್ಮಾ. ಅದಕ್ಕ ಡಾಕ್ಟರ ಯಾಕ ಆಗಬೇಕು?”

ಏನಾದರೂ ಮಾಡಿ ತೋರಿಸು ಎಂದಿದ್ದರು ಪ್ರಾಧ್ಯಾಪಕರು. ಗೆಳೆಯ ಗೋಣಿತಾಟಿನ ಪದರಗಳಿಗೆ ಯೂರಿಯಾ ಹಾಕಿ ಕಾಯಿಸಿದ ಅಂಟಿನಂಥ ರಾಳ ಬಳಿದು, ಬೀಸುಕಲ್ಲಿನಡಿ ಒತ್ತಿ, ಊಟದ ಮಣೆಯಂಥ ಹಲಗೆ ಮಾಡಿದ. ಗಟ್ಟಿಯಾಗಲೆಂದು ಮಾಳಿಗೆಯ ಮೇಲೆ, ಅಜ್ಜಿಯ ಸಂಡಿಗೆಯ ಪಕ್ಕ ಬಿಸಿಲಿಗಿಟ್ಟ.

ರವಿವಾರ ಸಂಜೆ ತಿರುಗಾಡಲು ಹೊರಟ ಪ್ರಾಧ್ಯಾಪಕರು ನಮ್ಮಲ್ಲಿಗೆ ಬಂದರು. ಗೆಳೆಯ ಹಲಗೆ ತಂದು ಪಡಸಾಲೆಯಲ್ಲಿಟ್ಟ.

“ಮುಟ್ಟಿ ಏನ ನೋಡ್ತೀರಿ ಸರ್, ಕೂಡ್ರಿ! ಒಂದ ವಾರ ಬಿಸಿಲಿಗೆ ಒಣಗಿಸೇನ್ರಿ. ಆನಿ ಕೂತ್ರೂ ಮುರಿಯೂದಿಲ್ಲ.”

ಆನೆಯ ಹೋಲಿಕೆಯನ್ನು ಗಮನಿಸದವರಂತೆ ಅವರು ಕೂತರು. ಹಲಗೆ ಮುರಿಯಲಿಲ್ಲ. ಅಜ್ಜಿ ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು. ಮುಗಿಸಿ ಏಳಲು ಹೋದಾಗ ಹಲಗೆಯೂ ಜೊತೆಗೇ ಎದ್ದಿತು.

“ಏನೋ ಇದು?”

“ಭಾಳ ಬಿಗಿ ಹಿಡದೈತ್ರಿ,” ಎಂದ ಗೆಳೆಯ, ಅರ್ಧ ಹೆಮ್ಮೆಯಿಂದ.

ನಾನು ಹಲಗೆ ಹಿಡಿದೆ, ಗೆಳೆಯ ಅವರ ಕೈ ಹಿಡಿದು ಎಳೆದ. ಪ್ರಯೋಜನವಾಗಲಿಲ್ಲ. ಕೊನೆಗೆ ಪ್ರಾಧ್ಯಾಪಕರು ಬಾಗಿಲ ಮರೆಯಲ್ಲಿ ಪ್ಯಾಂಟನ್ನು ಹಲಗೆಗೇ ಬಿಟ್ಟು, ಅಜ್ಜಿಯ ಗಂಡನ ಹಳೆಯ ಧೋತರ ಸುತ್ತಿಕೊಂಡು ಬಂದರು. ಬ್ಯಾಡಗಿ ನೆನಪಾಗಿ ಗೆಳೆಯ ಆಗಲೇ ಒಂದು ಸಲ ಸೀನಿದ್ದ.

“ಒಂದು ವಾರ ಬಿಸಿಲಿಗಿಟ್ರೂ ಯಾಕ ಒಣಗಿಲ್ಲ?” ಎಂದು ಕೇಳಿದರು ಪ್ರಾಧ್ಯಾಪಕರು.

ಗೆಳೆಯ ಬಾಯಿಬಿಡುವ ಮೊದಲೇ ಅಜ್ಜಿ ಒಳಗಿನಿಂದ ಹೇಳಿದರು: “ಹೆಂಗ ಒಣಗತೈತ್ರಿ? ನಾ ಮಡೀಲೆ ಸಂಡಿಗಿ ಹಾಕಿದ್ದೆ. ಬಾಜೂಕ ಇವನ ಗೋಣಿಚೀಲದ ಮೈಲಿಗಿ. ಶುದ್ಧ ಆಗ್ಲಿ ಅಂತ ಅದರ ಮ್ಯಾಲ ಒಂದ ತಂಬಿಗಿ ನೀರ ಹಾಕ್ತಿದ್ದೆ.”

“ಯಾವತ್ತು?”

“ದಿನಾ.”

ಪ್ರಾಧ್ಯಾಪಕರು ಗೆಳೆಯನತ್ತ ತಿರುಗಿದರು. “ಹಂಗಾದ್ರ ಇದು ನೀರಿನ ತಪ್ಪೋ, ನಿನ್ನ ರಾಳದ ತಪ್ಪೋ?”

“ಗೊತ್ತಿಲ್ರಿ ಸರ್. ಎರಡು ಹಲಗಿ ಮಾಡ್ತೇನಿ. ಒಂದಕ್ಕ ಅವ್ವಾರು ನೀರ ಹಾಕ್ಲಿ, ಇನ್ನೊಂದಕ್ಕ ಬ್ಯಾಡ.”

“ಕೂತು ನೋಡೋರು ಯಾರು?”

“ನಾನ ಕೂಡ್ರತೇನ್ರಿ.”

ಅವರು ಧೋತರದ ಗಂಟು ಬಿಗಿ ಮಾಡಿಕೊಂಡರು. “ನಾಳೆಯಿಂದ ಪ್ರಯೋಗಶಾಲೆಗೆ ಬಾ. ಬರೋವಾಗ ಹಳೇ ಪ್ಯಾಂಟ್ ಹಾಕ್ಕೊಂಡ ಬಾ.”

ಪ್ಯಾಂಟು ಸಮೇತ ಹಲಗೆಯನ್ನು ಬಗಲಲ್ಲಿಟ್ಟುಕೊಂಡು ಅವರು ಬೀದಿಗಿಳಿದರು. ಗೆಳೆಯನಿಗೆ ಕಣ್ಣಲ್ಲಿ ನೀರು ಬಂದಿತ್ತು. ಅಜ್ಜಿ ಮಾತ್ರ ಕಟ್ಟೆಯವರೆಗೆ ಓಡಿ ಕೂಗಿದರು:

“ಸರ್, ಧೋತರ ತಿರುಗಿ ಕಳಸ್ರಿ ಮತ್ತ! ಒಗದು ಕಳಸ್ರಿ!”