ಹನ್ನೊಂದು ಗೆರೆ ದಾಟಿದರೆ ಹೊಸ್ತಿಲು

ನನ್ನ ಹೆಂಡತಿಯನ್ನು ಬೀಳಿಸಿದ್ದು ಪಾರ್ಕಿನ್ಸನ್ ಕಾಯಿಲೆ ಎಂದು ಆರು ವಾರ ಬಂದವರಿಗೆಲ್ಲ ಹೇಳಿದೆ. ಸುಳ್ಳು. ಬೀಳಿಸಿದ್ದು ನಾನು. ಅದೂ ಬೀಳದಂತೆ ಕಾಪಾಡಲು ಹೋಗಿ.

ನಾನು ಮೂವತ್ತನಾಲ್ಕು ವರ್ಷ ವಿಮಾ ಕಚೇರಿಯ ಅಪಘಾತ ವಿಭಾಗದಲ್ಲಿದ್ದವನು. ಯಾರು ಎಲ್ಲಿ ಹೇಗೆ ಬಿದ್ದರು ಎಂಬ ಅರ್ಜಿಗಳನ್ನು ಓದಿಯೇ ತಲೆ ನೆರೆಸಿಕೊಂಡವನು. ಹಾಗಾಗಿ ವಿಮಲೆಯ ಕೈ ನಡುಗಿ, ಮರುವರ್ಷ ಕಾಲೂ ತಡವರಿಸತೊಡಗಿದಾಗ, ಅವಳನ್ನು ನೋಡಿಕೊಳ್ಳಲು ನನಗಿಂತ ಯೋಗ್ಯ ಗಂಡ ಇಡೀ ಮದರಾಸಿನಲ್ಲೇ ಸಿಗಲಾರ ಎಂದು ನಾನೇ ತೀರ್ಮಾನಿಸಿದೆ. (ಊರಿನ ಹೆಸರು ಆಗಷ್ಟೇ ಚೆನ್ನೈ ಆಗಿತ್ತು, ನನ್ನ ಬಾಯಲ್ಲಿ ಇನ್ನೂ ಆಗಿರಲಿಲ್ಲ.) ವಡಪಳನಿಯ ನಮ್ಮ ನೆಲಮಹಡಿಯ ಮನೆಯನ್ನು ಕಡತದಂತೆ ಪರಿಶೀಲಿಸಿದೆ. ಚಾಪೆ, ಕಾಲೊರಸು, ಮೂಲೆಯ ಹಿತ್ತಾಳೆ ಕೊಡ, ಎಲ್ಲಕ್ಕೂ ಗಡೀಪಾರು. ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿದೆ, ನನ್ನ ಎತ್ತರಕ್ಕೆ ಸರಿಯಾಗಿ. ಅದು ಅವಳಿಗೆ ಎಟುಕುವುದಿಲ್ಲವೆಂದು ತಿಳಿಯಲು ವಾರ ಹಿಡಿಯಿತು. ಈಗ ಅದರ ಮೇಲೆ ನನ್ನ ಟವಲು ಒಣಗುತ್ತದೆ.

ಈ ಕಾಯಿಲೆಯ ವರಸೆ ವಿಚಿತ್ರ. ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿಬಿಡುತ್ತದೆ. ಮನಸ್ಸು ಹೊರಟಿರುತ್ತದೆ, ಪಾದ ಮುಷ್ಕರ ಹೂಡಿರುತ್ತದೆ. ವಿಮಲೆಗೆ ಉಳಿದಿದ್ದ ಹಟ ಒಂದೇ: ಬೆಳಿಗ್ಗೆ ಹೂವಿನವಳು ಕೂಗಿದಾಗ ಹಾಲ್ ದಾಟಿ ಬಾಗಿಲಿಗೆ ತಾನೇ ಹೋಗಬೇಕು. "ಅಡಿಗೆ ಬಿಟ್ಟೆ, ರಂಗೋಲಿ ಬಿಟ್ಟೆ. ಇಷ್ಟಾದ್ರೂ ನಾನೇ ಮಾಡ್ತೀನಿ ಕಣ್ರೀ," ಎನ್ನುತ್ತಿದ್ದಳು. ಹೂವು ಆರಿಸುವುದರಲ್ಲಿ ನನ್ನ ಯೋಗ್ಯತೆ ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ "ಅಮ್ಮಾ, ಪೂ!" ಎಂಬ ಕೂಗು ಬಂತು. ವಿಮಲೆ ಹಾಲ್ ಮಧ್ಯದಲ್ಲಿ ನಿಂತುಬಿಟ್ಟಳು. ಅಪಘಾತ ತಜ್ಞರು ಸುಮ್ಮನಿರುತ್ತಾರೆಯೇ? "ಬಾರೇ, ಅವಳು ಹೊರಟುಹೋಗ್ತಾಳೆ," ಎಂದು ಕೈ ಹಿಡಿದು ಎಳೆದೆ. ಕೈ ಬಂತು, ಕಾಲು ಬರಲಿಲ್ಲ. ಎಡ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್.

ನೋಡಲು ಬಂದವರು ಬರಿಗೈಯಲ್ಲಿ ಬರಲಿಲ್ಲ, ಸಲಹೆ ತಂದರು. ಬೆಳ್ಳುಳ್ಳಿ ತಿನ್ನಿಸಿ ಎಂದರು, ಮುರುಗನಿಗೆ ಹರಕೆ ಹೊತ್ತುಕೊಳ್ಳಿ ಎಂದರು, ಒಬ್ಬರಂತೂ ಮನೆಯ ವಾಸ್ತು ತೋರಿಸಿ ಎಂದರು. "ಏನು ಮಾಡೋಣ, ಕಾಯಿಲೆ," ಎಂದು ನಾನು ನಿಟ್ಟುಸಿರಿಟ್ಟಾಗಲೆಲ್ಲ ವಿಮಲೆ ನನ್ನ ಮುಖ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಕೊನೆಗೆ ವ್ಯಾಯಾಮ ಕಲಿಸಲು ಬಂದ ಫಿಸಿಯೋಥೆರಪಿ ಹುಡುಗಿ ಮೊದಲ ದಿನವೇ ನನಗೆ ಪಾಠ ಹೇಳಿದಳು. "ಸಾರ್, ಇಳುಕ್ಕಾದೀಂಗ!" ಎಳೆಯಬೇಡಿ ಎಂದು. ಪಕ್ಕದಲ್ಲಿ ನಿಲ್ಲಿ, ಕಾಯಿರಿ, ಆಮೇಲೆ ದೊಡ್ಡ ಹೆಜ್ಜೆ ಇಡಲು ಹೇಳಿ. ನೆಲದ ಮೇಲೆ ಹೆಜ್ಜೆಗೊಂದು ಅಡ್ಡಗೆರೆ ಇದ್ದರೆ ಕಣ್ಣು ಅದನ್ನು ನೋಡುತ್ತದೆ, ಕಾಲು ತಾನೇ ಏಳುತ್ತದೆ ಎಂದಳು. ಬಣ್ಣದ ಟೇಪನ್ನೂ ಅಂಟಿಸಿ ಹೋದಳು. ದಿನಾ ನೆಲ ಒರೆಸುವ ಮನೆ. ಮೂರನೆಯ ದಿನಕ್ಕೆ ಟೇಪಿನ ತುದಿ ಎದ್ದು, ಅದೇ ಎಡವುವ ವಸ್ತುವಾಯಿತು.

"ಅಕ್ಕಿಹಿಟ್ಟು ಕಲಸಿ ಗೆರೆ ಎಳೀರಿ. ಒಣಗಿದ್ರೆ ಹಿಡ್ಕೊಳ್ಳತ್ತೆ," ಎಂದಳು ವಿಮಲೆ. ಹಿತ್ತಲ ಗಿಡ ಮದ್ದಲ್ಲ ಎಂದು ನಕ್ಕೆ. ಆದರೂ ಬಟ್ಟೆ ಅದ್ದಿ, ಮಂಡಿಯೂರಿ, ಜೀವಮಾನದ ಮೊದಲ ರಂಗೋಲಿ ಹಾಕಿದೆ. ಬಾಗಿಲವರೆಗೆ ಹನ್ನೊಂದು ಗೆರೆ.

"ಗೆರೆ ಎಳೀರಿ ಅಂದ್ರೆ ಹಾವು ಬಿಟ್ಟಿದ್ದೀರಲ್ಲ," ಎಂದಳು.

ಕಾಯಿಲೆ ಚಾಪೆಯ ಕೆಳಗೆ ತೂರಿದರೆ ನಾವು ರಂಗೋಲಿಯ ಕೆಳಗೆ ತೂರಿದೆವು. ಕಣ್ಣು, ಮಿದುಳು ಎಂದು ಆ ಹುಡುಗಿ ಕೊಟ್ಟ ವಿವರಣೆ ಸರಿಯೇ ಇರಬೇಕು. ನನ್ನ ಸಿದ್ಧಾಂತ ಬೇರೆ. ರಂಗೋಲಿ ತುಳಿದರೆ ಬೆನ್ನಿಗೆ ಗುದ್ದು ಬೀಳುತ್ತಿದ್ದ ಮನೆಯಲ್ಲಿ ಬೆಳೆದವಳು ಅವಳು. ಮೈಯೆಲ್ಲ ಮಾತು ಕೇಳುವುದನ್ನು ಬಿಟ್ಟರೂ ಆ ಪಾದಗಳಿಗೆ ಅಮ್ಮನ ಹೆದರಿಕೆ ಹೋಗಿರಲಿಲ್ಲ.

ಮರುದಿನ ಹೂವಿನವಳು ಕೂಗಿದಳು. ವಿಮಲೆ ಹೊರಟಳು. ಎಳೆಯಬೇಡ, ಎಳೆಯಬೇಡ ಎಂದು ಜಪಿಸುತ್ತ ನಾನು ಪಕ್ಕದಲ್ಲೇ ನಡೆದೆ. ಎಂಟನೆಯ ಗೆರೆಗೆ ಅವಳು ನಿಂತಳು. ನನಗೆ ಭಯವಾಯಿತು, ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟದ ಕೆಲಸವೆಂದು ಕಚೇರಿಯಲ್ಲೂ ಅನ್ನಿಸಿರಲಿಲ್ಲ. ಅವಳು ಗೆರೆಯನ್ನು ನೋಡಿದಳು, ಕಾಲೆತ್ತಿದಳು, ದಾಟಿದಳು. ಬಾಗಿಲು ಮುಟ್ಟಿದಳು.

ಬಿದ್ದಾಗಿನಿಂದ ವಿಮಲೆಯನ್ನು ಬಾಗಿಲಲ್ಲಿ ಕಂಡಿರದ ಹೂವಿನವಳು ಮಣಿಕಟ್ಟಿನ ಪ್ಲಾಸ್ಟರ್ ನೋಡಿ, ಏನಾಯಿತೆಂದು ಕೇಳಿದಳು. "ನಾನೇದಾನ್ ವಿಳುಂದುಟ್ಟೇನ್," ಎಂದಳು ವಿಮಲೆ. ನಾನೇ ಬಿದ್ದೆ.

ನಾನು ಕಾಯಿಲೆಯ ತಲೆಗೆ ಕಟ್ಟಿದ್ದನ್ನು ಅವಳು ತನ್ನ ತಲೆಗೆ ಕಟ್ಟಿಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ. "ಇಲ್ಲಮ್ಮ, ಎಳೆದು ಬೀಳಿಸಿದ್ದು ನಾನು," ಎಂದುಬಿಟ್ಟೆ. ನಲವತ್ತು ವರ್ಷದ ದಾಂಪತ್ಯದಲ್ಲಿ ನಾನು ಬಾಯಿಬಿಟ್ಟು ಒಪ್ಪಿಕೊಂಡ ಮೊದಲ ತಪ್ಪು. ವಿಮಲೆಯ ಕಣ್ಣು ತುಂಬೀತೆಂದು ಕಾದೆ.

ಅವಳು ನನ್ನ ಕಾಲ ಕಡೆ ನೋಡಿದಳು.

"ಅದಿರಲಿ, ಮೊದಲು ರಂಗೋಲಿ ಮೇಲಿಂದ ಕಾಲು ತೆಗೀರಿ."